ಏನ್ಷಂಟ್ ಲೈವ್ಸ್ ಯೋಜನೆ

ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದಲ್ಲಿ ಸಿಕ್ಕ ಗ್ರೀಕ್ ಪಪೈರಸ್ ಚೂರುಗಳನ್ನು ಸಾರ್ವಜನಿಕರ ನೆರವಿನಿಂದ ಓದಿ ಗುರುತಿಸಲು 2011ರಲ್ಲಿ ಆರಂಭವಾದ ಸಂಶೋಧನಾ ಯೋಜನೆ. ಆಕ್ಸ್‌ಫರ್ಡಿನ ಪಪೈರಸ್ ತಜ್ಞರು, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಪಪೈರಸ್‌ಗಳ ಒಡೆತನವಿರುವ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿ ಇದರಲ್ಲಿ ಕೈಜೋಡಿಸಿದರು. ಚೂರುಗಳನ್ನು ಓದುವ ವಿಧಾನ ಖಗೋಳವಿಜ್ಞಾನದಿಂದ ಬಂದರೆ, ಓದಿದ್ದನ್ನು ಗುರುತಿಸುವ ವಿಧಾನ ಆಣ್ವಿಕ ಜೀವವಿಜ್ಞಾನದಿಂದ ಬಂತು. ಕಳೆದುಹೋದ ಗ್ರೀಕ್ ನಾಟಕಗಳ ಹುಡುಕಾಟಕ್ಕೆ ಇವೆರಡೂ ಒದಗಿಬಂದದ್ದು ಇತ್ತೀಚಿನ ವಿದ್ವತ್ತಿನ ಚರಿತ್ರೆಯಲ್ಲಿ ಅಪೂರ್ವ ಸಂಗತಿ.

ಆಕ್ಸಿರಿಂಕಸ್ ಇಂದಿನ ಅಲ್-ಬಹ್ನಸಾ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿದೆ. ಗ್ರೀಕರ ಮತ್ತು ರೋಮನರ ಆಳ್ವಿಕೆಯ ಕಾಲದಲ್ಲಿ ಊರಿನವರು ಬೇಡವಾದ ಕಾಗದಪತ್ರಗಳನ್ನೆಲ್ಲ ಊರಾಚೆಯ ತಿಪ್ಪೆಗೆ ಹಾಕುತ್ತಿದ್ದರು. ಮಳೆಯಿಲ್ಲದ ಮರಳುನಾಡಿನಲ್ಲಿ ಆ ಕಸ ಕೊಳೆಯದೆ ಉಳಿಯಿತು. 1896-97ರ ಚಳಿಗಾಲದಲ್ಲಿ ಆಕ್ಸ್‌ಫರ್ಡಿನ ವಿದ್ವಾಂಸರಾದ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಅಲ್ಲಿ ಅಗೆಯತೊಡಗಿದರು. 1903ರಿಂದ 1907ರವರೆಗೆ ಮತ್ತೆ ಅಗೆದರು. ಆಕ್ಸ್‌ಫರ್ಡಿಗೆ ಬಂದು ಸೇರಿದ ಚೂರುಗಳ ಸಂಖ್ಯೆ ಸುಮಾರು 5 ಲಕ್ಷವೆಂಬ ಅಂದಾಜಿದೆ. ತೆರಿಗೆ ರಸೀದಿ, ಸಾಲಪತ್ರ, ಮನೆಗೆ ಬರೆದ ಓಲೆಗಳೇ ಹೆಚ್ಚು. ಸಾಹಿತ್ಯದ ಪಾಲು ಹತ್ತರಲ್ಲಿ ಒಂದರಷ್ಟು. 1898ರಲ್ಲಿ ಮೊದಲ ಸಂಪುಟ ಹೊರಬಂತು. ಒಂದು ಶತಮಾನಕ್ಕೂ ಹೆಚ್ಚು ಕಾಲ ದುಡಿದು ಪ್ರಕಟಿಸಿದ ಪಠ್ಯಗಳು 5,000ವನ್ನು ದಾಟಿವೆ. ಇಷ್ಟಾದರೂ ರಾಶಿಯ ಬಹುಭಾಗವನ್ನು ಓದುವುದು ಬಾಕಿಯಿದೆ.

ನಾಟಕ ಚರಿತ್ರೆಗೆ ಈ ರಾಶಿ ಎಷ್ಟು ಮುಖ್ಯವೆಂಬುದಕ್ಕೆ ಸೊಫೊಕ್ಲೀಸನ ಉದಾಹರಣೆ ಸಾಕು. ಅವನು ಬರೆದದ್ದು ಸುಮಾರು 120 ನಾಟಕ, ಇಡಿಯಾಗಿ ಉಳಿದದ್ದು ಏಳು. (ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ಗೆ ಆಧಾರವಾದ ‘ಏಜಾಕ್ಸ್’ ಆ ಏಳರಲ್ಲಿ ಒಂದು.) 1912ರಲ್ಲಿ ಹಂಟ್ ಪ್ರಕಟಿಸಿದ ಒಂದು ಸುರುಳಿಯಿಂದ ಅವನ ‘ಇಕ್ನ್ಯೂಟೆ’ಯ ನಾನೂರಕ್ಕೂ ಹೆಚ್ಚು ಸಾಲುಗಳು ಸಿಕ್ಕವು. ಕಳುವಾದ ಅಪೊಲೊ ದೇವರ ದನಗಳ ಜಾಡು ಹಿಡಿದು ಅರೆಮನುಷ್ಯ, ಅರೆಮೃಗ ರೂಪದ ಸ್ಯಾಟರ್‌ಗಳ ಮೇಳ ಹೊರಡುತ್ತದೆ. ಗುಹೆಯೊಳಗಿಂದ ಬರುವ, ಹಿಂದೆಂದೂ ಕೇಳದ ನಾದಕ್ಕೆ ಬೆಚ್ಚಿಬೀಳುತ್ತದೆ. ಆಮೆಚಿಪ್ಪಿನಿಂದ ಮಗು ಹರ್ಮಿಸ್ ಮಾಡಿದ ಲೈರ್ ವಾದ್ಯದ ದನಿ ಅದು. ಸ್ಯಾಟರ್ ನಾಟಕವೆಂಬ ಪ್ರಕಾರಕ್ಕೆ ಅಲ್ಲಿಯವರೆಗೆ ಯೂರಿಪಿಡೀಸನ ‘ಸೈಕ್ಲೊಪ್ಸ್’ ಒಂದೇ ದೊಡ್ಡ ಸಾಕ್ಷಿಯಾಗಿತ್ತು. ಯೂರಿಪಿಡೀಸನದೇ ‘ಹಿಪ್ಸಿಪಿಲೆ’ಯ ದೊಡ್ಡ ಭಾಗವೂ ಇದೇ ತಿಪ್ಪೆಯಿಂದ ಬಂದು 1908ರಲ್ಲಿ ಅಚ್ಚಾಯಿತು.

ಉಳಿದ ಚೂರುಗಳನ್ನು ಓದಲು ತಜ್ಞರ ಸಂಖ್ಯೆ ಸಾಲದು. ಇದೇ ತೊಡಕನ್ನು ಖಗೋಳವಿಜ್ಞಾನಿಗಳೂ ಎದುರಿಸಿದ್ದರು. ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಸೆರೆಹಿಡಿದ ಲಕ್ಷಾಂತರ ಗೆಲಾಕ್ಸಿಗಳನ್ನು ಆಕಾರದ ಪ್ರಕಾರ ವಿಂಗಡಿಸುವ ಕೆಲಸವನ್ನು 2007ರ ‘ಗೆಲಾಕ್ಸಿ ಝೂ’ ಯೋಜನೆ ಜನಸಾಮಾನ್ಯರ ಕೈಗಿತ್ತಿತು. ಒಂದೇ ಚಿತ್ರವನ್ನು ಹಲವರು ನೋಡಿದಾಗ ಒಬ್ಬೊಬ್ಬರ ತಪ್ಪು ಕಳೆದು ನಂಬಬಹುದಾದ ತೀರ್ಮಾನ ಉಳಿಯುತ್ತದೆಂದು ಅದು ತೋರಿಸಿಕೊಟ್ಟಿತು. ಆ ಯೋಜನೆಯಿಂದ ಬೆಳೆದ ಝೂನಿವರ್ಸ್ ವೇದಿಕೆಯ ಮೇಲೆಯೇ ಏನ್ಷಂಟ್ ಲೈವ್ಸ್ ನಿಂತಿತು. ಸ್ವಯಂಸೇವಕರಿಗೆ ಗ್ರೀಕ್ ಬರಬೇಕೆಂದಿರಲಿಲ್ಲ. ಪರದೆಯ ಮೇಲಿನ ಅಕ್ಷರದ ಮೇಲೆ ಗುರುತು ಹಾಕಿ, ಅದನ್ನು ಹೋಲುವ ಅಕ್ಷರವನ್ನು ಕೀಲಿಮಣೆಯಿಂದ ಆರಿಸಿದರೆ ಆಯಿತು. ಹಲವರು ಗುರುತಿಸಿದ ಸ್ಥಾನಗಳನ್ನೂ ಅಕ್ಷರಗಳನ್ನೂ ಗಣಕ ಒಟ್ಟುಗೂಡಿಸಿ ಒಮ್ಮತದ ಪಾಠವನ್ನು ಕಟ್ಟುತ್ತಿತ್ತು.

ಒಮ್ಮತದಲ್ಲೂ ದೋಷಗಳು ಉಳಿಯುತ್ತವೆ. ಅಂದಿನ ಕೈಬರಹದಲ್ಲಿ ಸಿಗ್ಮಾ ಅರ್ಧಚಂದ್ರದಂತಿರುತ್ತಿತ್ತು. ಅದರ ನಡುವೆ ಗೆರೆಯಿದ್ದರೆ ಎಪ್ಸಿಲಾನ್, ಬಾಯಿ ಮುಚ್ಚಿದರೆ ಓಮಿಕ್ರಾನ್, ಮುಚ್ಚಿ ಗೆರೆ ಎಳೆದರೆ ತೀಟಾ. ಹುಳು ತಿಂದ ತೂತು ನಡುವಿನಿಂದ ಬಲಬದಿಯವರೆಗೆ ಬಂದರೆ ನಾಲ್ಕೂ ಒಂದೇ. ಸಾಲದ್ದಕ್ಕೆ ಪದಗಳ ನಡುವೆ ತೆರಪಿಲ್ಲ; ಅಕ್ಷರಗಳು ಒಂದೇ ಸಮನೆ ಸಾಗುತ್ತವೆ. ಹೀಗೆ ಬಿಡುವಿಲ್ಲದ, ತಪ್ಪುಗಳಿರುವ ಅಕ್ಷರಮಾಲೆಯನ್ನು ದೊಡ್ಡ ಭಂಡಾರದಲ್ಲಿ ಹೋಲಿಸಿ ಹುಡುಕುವುದು ಜೀವವಿಜ್ಞಾನಿಗಳ ದಿನನಿತ್ಯದ ಕೆಲಸ. 1990ರಲ್ಲಿ ಸ್ಟೀಫನ್ ಆಲ್ಟ್‌ಷುಲ್ ಮತ್ತು ಸಂಗಡಿಗರು ಪ್ರಕಟಿಸಿದ ‘ಬ್ಲಾಸ್ಟ್’ ಕ್ರಮವಿಧಿ ಇದಕ್ಕೆಂದೇ ಇದೆ. ಅದು ಮೊದಲು ಕೆಲವೇ ಅಕ್ಷರಗಳ ತುಣುಕುಗಳು ಹೊಂದುವ ಕಡೆಗಳನ್ನು ಹಿಡಿಯುತ್ತದೆ, ಬಳಿಕ ಆ ಹೊಂದಿಕೆಯನ್ನು ಎಡಕ್ಕೂ ಬಲಕ್ಕೂ ಬೆಳೆಸುತ್ತ ಅಂಕ ಕೊಡುತ್ತದೆ. ಪ್ರೋಟೀನಿನಲ್ಲಿ ಲ್ಯೂಸಿನ್ ಇರಬೇಕಾದ ಕಡೆ ಅದನ್ನೇ ಹೋಲುವ ಐಸೊಲ್ಯೂಸಿನ್ ಬಂದರೆ ಅಂಕ ಹೆಚ್ಚು ಕಡಿತವಾಗುವುದಿಲ್ಲ. ಸಿಗ್ಮಾ-ಎಪ್ಸಿಲಾನ್ ಗೊಂದಲಕ್ಕೂ ಈ ತರ್ಕ ಒಪ್ಪುತ್ತದೆ. ಪ್ರೋಟೀನಿನ ಅಕ್ಷರಗಳು 20, ಗ್ರೀಕಿನವು 24. ಮಿನ್ನೆಸೋಟದ ತಂಡ ಬ್ಲಾಸ್ಟನ್ನು ಗ್ರೀಕಿಗೆ ಒಗ್ಗಿಸಿ, ಚೂರಿನ ಪಾಠವನ್ನು ಈಗಾಗಲೇ ತಿಳಿದಿರುವ ಗ್ರೀಕ್ ಗ್ರಂಥಗಳೊಡನೆ ಹೋಲಿಸಿ ನೋಡಿತು.

ಈ ವಿಧಾನಕ್ಕೆ ಸಿಗುವುದು ಬೇರೆಲ್ಲಾದರೂ ಉಳಿದಿರುವ ಪಠ್ಯ ಮಾತ್ರ. ಹೋಮರನ ಸಾಲು ಕೂಡಲೇ ಪತ್ತೆಯಾದೀತು. ಪೂರ್ತಿ ಅಳಿದುಹೋದ ನಾಟಕದ ಸಾಲಿಗೆ ಜೊತೆ ಸಿಗುವುದಿಲ್ಲ. ಆದರೆ ನಿಜವಾದ ನಿಧಿ ಇರುವುದು ಹೊಂದಿಕೆ ಸಿಗದ ಆ ಚೂರುಗಳಲ್ಲೇ. ಅಲ್ಲಿ ಛಂದಸ್ಸು, ಪದಬಳಕೆ, ಪಾತ್ರಗಳ ಹೆಸರು ಬಲ್ಲ ವಿದ್ವಾಂಸರೇ ತೀರ್ಪು ಹೇಳಬೇಕು.

ಹೀಗೆ ಬೇರೆಲ್ಲೂ ಜೊತೆ ಸಿಗದ, ಕನ್ನಡಿಗರಿಗೆ ಪರಿಚಿತವಾದ ‘ಕ್ಯಾರಿಟಿಯನ್’ ಪ್ರಹಸನವೂ ಆಕ್ಸಿರಿಂಕಸ್‌ನದೇ. ಸಂಗ್ರಹದಲ್ಲಿ ಅದರ ಸಂಖ್ಯೆ 413, 1903ರಲ್ಲಿ ಪ್ರಕಟವಾಯಿತು. ಭಾರತದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣನ್ನು ಅವಳ ಅಣ್ಣ ಮತ್ತು ಗೆಳೆಯರು, ಅಲ್ಲಿನ ರಾಜನಿಗೆ ಮದ್ಯ ಕುಡಿಸಿ ಬಿಡಿಸಿಕೊಂಡು ಹೋಗುವ ಕಥೆ ಅದು. ಎಲ್ಲಿ ಮದ್ದಳೆ ಬಾರಿಸಬೇಕೆಂಬ ಗುರುತುಗಳೂ ಹಸ್ತಪ್ರತಿಯಲ್ಲಿವೆ. ರಾಜನ ಕಡೆಯವರು ಆಡುವ, ಗ್ರೀಕ್ ಅಲ್ಲದ ಮಾತುಗಳು ಕನ್ನಡವೆಂದು 1904ರಲ್ಲಿ ಶಾಸನತಜ್ಞ ಇ. ಹುಲ್ಷ್ ಸೂಚಿಸಿದರು. ಆರ್. ಶಾಮಾಶಾಸ್ತ್ರಿ ಅದನ್ನು ಬೆಂಬಲಿಸಿದರು. ಗೋವಿಂದ ಪೈ ಕೂಡ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪ್ರಾಚ್ಯವಿದ್ವಾಂಸ ಎಲ್.ಡಿ. ಬಾರ್ನೆಟ್ ಒಪ್ಪಲಿಲ್ಲ. ಪಪೈರಸ್ ಕ್ರಿ.ಶ. 2ನೇ ಶತಮಾನದ್ದು, ಕನ್ನಡದ ಅತಿ ಹಳೆಯ ಬರಹಗಳಲ್ಲಿ ಒಂದಾದ ಹಲ್ಮಿಡಿ ಶಾಸನದ ಕಾಲ ಸುಮಾರು ಕ್ರಿ.ಶ. 450. ಗ್ರೀಕ್ ಲಿಪಿಕಾರ ಕಿವಿಗೆ ಬಿದ್ದಂತೆ ಬರೆದ ಆ ಮಾತುಗಳೊಡನೆ ಇಟ್ಟು ನೋಡಲು ಅದೇ ಕಾಲದ ಕನ್ನಡ ಬರಹ ಇಲ್ಲದ ಕಾರಣ ವಾದ ಇನ್ನೂ ಇತ್ಯರ್ಥವಾಗಿಲ್ಲ.