ಸದ್ದಿಲ್ಲದ ಹಾಲಿನ ಗಾಡಿ

ಬ್ಯಾಟರಿಯಿಂದ ಓಡುವ ಪುಟ್ಟ ಸರಕು ಗಾಡಿಗಳು ಈಗ ಬೆಂಗಳೂರಿನ ಗಲ್ಲಿಗಳಲ್ಲೂ ಕಾಣಸಿಗುತ್ತವೆ. ಹೊಗೆ ಕಾರದೆ ಮನೆಬಾಗಿಲಿಗೆ ಸಾಮಾನು ತಲುಪಿಸುವ ಈ ಏರ್ಪಾಟು ನಮ್ಮ ಶತಮಾನದ ಕೊಡುಗೆ ಎಂದೇ ಅನೇಕರ ಭಾವನೆ. ಆದರೆ 1967ರಷ್ಟು ಹಿಂದೆಯೇ ಬ್ರಿಟನ್ನಿನ ವಿದ್ಯುತ್ ವಾಹನ ಸಂಘ ಒಂದು ಪ್ರಕಟಣೆ ಹೊರಡಿಸಿತ್ತು. ಪ್ರಪಂಚದ ಉಳಿದೆಲ್ಲ ದೇಶಗಳನ್ನು ಒಟ್ಟು ಸೇರಿಸಿದರೂ ತಮ್ಮ ರಸ್ತೆಗಳಲ್ಲಿರುವಷ್ಟು ಬ್ಯಾಟರಿ ವಾಹನಗಳಿಲ್ಲ ಎಂಬುದು ಅದರ ಸಾರಾಂಶ. ಆ ವಾಹನಗಳೆಲ್ಲ ಯಾವುವು ಎಂದು ನೋಡಿದರೆ, ಹೆಚ್ಚುಕಡಿಮೆ ಎಲ್ಲವೂ ಹಾಲಿನ ಗಾಡಿಗಳೇ!

ಒಂದು ಕಾಲದಲ್ಲಿ ಲಂಡನ್ನಿಗೆ ಹಾಲು ದೂರದಿಂದ ಬರಬೇಕಾಗಿರಲಿಲ್ಲ. ನಗರದೊಳಗೇ ಕೊಟ್ಟಿಗೆಗಳಿದ್ದವು. ಸೇಂಟ್ ಜೇಮ್ಸ್ ಉದ್ಯಾನದಲ್ಲಿ ಹಸು ಕಟ್ಟಿ, ಗಿರಾಕಿಯ ಎದುರಿಗೇ ಕರೆದು ಕೊಡುತ್ತಿದ್ದರು. ಹಸುವನ್ನೇ ಮನೆಬಾಗಿಲಿಗೆ ಹೊಡೆದುಕೊಂಡು ಬಂದು ಹಾಲು ಕರೆಯುತ್ತಿದ್ದವರನ್ನು ಕಂಡ ನಮ್ಮ ಹಿರಿಯರಿಗೆ ಇದೇನೂ ವಿಚಿತ್ರವಾಗಿ ತೋರದು. 1865ರಲ್ಲಿ ಬಂದ ದನಗಳ ಮಹಾರೋಗ ಈ ಕೊಟ್ಟಿಗೆಗಳನ್ನು ಬರಿದುಮಾಡಿತು. ಅದರ ಹಿಂದಿನ ವರ್ಷವಷ್ಟೇ ಜಾರ್ಜ್ ಬರ್ಹಮ್ ಎಂಬಾತ ಹಳ್ಳಿಗಳಿಂದ ರೈಲಿನಲ್ಲಿ ಹಾಲು ತರಿಸುವ ಕಂಪನಿ ಆರಂಭಿಸಿದ್ದ. ಮುಂದೆ 'ಎಕ್ಸ್‌ಪ್ರೆಸ್ ಡೈರಿ' ಎಂದು ಹೆಸರಾದದ್ದು ಇದೇ. ನಿಲ್ದಾಣದವರೆಗೆ ರೈಲೇನೋ ತಂದಿತು. ಅಲ್ಲಿಂದ ಸಾವಿರಾರು ಬಾಗಿಲುಗಳಿಗೆ ಹಂಚುವುದು ಹೇಗೆ? ಬಹುಕಾಲ ಆ ಕೆಲಸ ಕೈಗಾಡಿ ಮತ್ತು ಕುದುರೆಗಾಡಿಗಳದಾಗಿತ್ತು.

ಹಾಲಿನವನ ಕೆಲಸದಲ್ಲಿ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹತ್ತು ಹೆಜ್ಜೆ ನಡೆ, ನಿಲ್ಲು, ಮತ್ತೆ ಹತ್ತು ಹೆಜ್ಜೆ. ದಾರಿ ಬಲ್ಲ ಕುದುರೆ ಹೇಳಿಸಿಕೊಳ್ಳದೆಯೇ ಮುಂದಿನ ಮನೆಯ ಎದುರು ಹೋಗಿ ನಿಲ್ಲುತ್ತಿತ್ತು. ಪೆಟ್ರೋಲು ಎಂಜಿನ್ನಿಗೆ ಈ ಬುದ್ಧಿಯಿಲ್ಲ. ಕ್ಷಣಕ್ಕೊಮ್ಮೆ ನಿಂತು ಹೊರಡುವುದರಿಂದ ಅದು ಬೇಗ ಸವೆಯುತ್ತದೆ, ಎಣ್ಣೆಯನ್ನೂ ಹೆಚ್ಚು ಕುಡಿಯುತ್ತದೆ. 1930ರ ದಶಕದಲ್ಲಿ ಡೈರಿಗಳು ಬ್ಯಾಟರಿ ಗಾಡಿಯತ್ತ ತಿರುಗಿದ್ದಕ್ಕೆ ಕಾರಣ ಈ ಲೆಕ್ಕಾಚಾರವೇ. ಗಾಳಿಯ ಶುದ್ಧತೆಯ ಚಿಂತೆ ಅದಕ್ಕೆ ಕಾರಣವಾಗಿರಲಿಲ್ಲ. ನಿಂತಾಗ ಮೋಟಾರು ವಿದ್ಯುತ್ತನ್ನು ಬಳಸದು. ದಾರಿ ಚಿಕ್ಕದು, ದಿನವೂ ಅದೇ ದಾರಿ. ಕೆಲಸ ಮುಗಿಸಿ ಡಿಪೋಗೆ ಬಂದರೆ ಸೀಸದ ಬ್ಯಾಟರಿಗಳನ್ನು ಮರುದಿನದವರೆಗೆ ನಿಧಾನವಾಗಿ ತುಂಬಿಕೊಳ್ಳಬಹುದು. ವೇಗ ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಅದಕ್ಕಿಂತ ಹೆಚ್ಚು ಯಾರಿಗೆ ಬೇಕಿತ್ತು? ಊರು ಮಲಗಿರುವಾಗ ಬಂದುಹೋಗುವ ಈ ಗಾಡಿಯಿಂದ ಕೇಳುತ್ತಿದ್ದುದು ಬಾಟಲಿಗಳ ಕಿಣಿಕಿಣಿ ಮಾತ್ರ.

ಗಾಡಿಯಷ್ಟೇ ಮುಖ್ಯವಾದುದು ಹಂಚಿಕೆಯ ಕ್ರಮ. ಯುದ್ಧಕ್ಕೆ ಮುಂಚೆ ಒಂದೇ ಬೀದಿಗೆ ಹಲವು ಡೈರಿಗಳ ಗಾಡಿಗಳು ಪೈಪೋಟಿಯಿಂದ ಬರುತ್ತಿದ್ದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೂ ಆಳುಗಳಿಗೂ ಬರ ಬಂದಾಗ ಸರ್ಕಾರ ಬೀದಿಗಳನ್ನು ಹಂಚಿಕೊಡುವ ಕ್ರಮ ತಂದಿತು. ಸಾಮಾನ್ಯವಾಗಿ ಒಂದು ಬಡಾವಣೆಗೆ ಒಂದು ಖಾಸಗಿ ಡೈರಿ, ಒಂದು ಸಹಕಾರ ಸಂಘ. ಈ ಎರಡರಲ್ಲಿ ಒಂದನ್ನು ಮನೆಯವರು ಆರಿಸಿಕೊಳ್ಳಬೇಕಿತ್ತು. ಬಾಗಿಲಲ್ಲಿಟ್ಟು ಹೋದರೆ ಸಾಕಾದ್ದರಿಂದ ಮನೆಯಲ್ಲಿ ಯಾರಿಲ್ಲದಿದ್ದರೂ ಮತ್ತೊಮ್ಮೆ ಬರುವ ಪ್ರಮೇಯವಿರಲಿಲ್ಲ. ತುಂಬಿದ ಬಾಟಲಿ ಇಟ್ಟು ಖಾಲಿ ಬಾಟಲಿ ಒಯ್ಯುತ್ತಿದ್ದುದರಿಂದ ಗಾಡಿ ಡಿಪೋಗೆ ಬರಿದಾಗಿಯೂ ಮರಳುತ್ತಿರಲಿಲ್ಲ. (ಹೀಗೆ ಇಟ್ಟುಹೋದ ಬಾಟಲಿಯ ಮುಚ್ಚಳವನ್ನು ಕುಕ್ಕಿ ಕೆನೆ ತಿನ್ನುವ ವಿದ್ಯೆಯನ್ನು ಅಲ್ಲಿನ ಟಿಟ್ ಎಂಬ ಪುಟ್ಟ ಹಕ್ಕಿಗಳು ಕಲಿತಿದ್ದವು. 1921ರಲ್ಲಿ ಸೌತಾಂಪ್ಟನ್ ಬಳಿ ಮೊದಲು ಕಂಡ ಈ ಕಳ್ಳತನ ಕ್ರಮೇಣ ದೇಶದ ಹಲವೆಡೆ ಹರಡಿತು!)

ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಮುರಿದುಬಿದ್ದದ್ದೇಕೆ? ಗಾಡಿಯ ದೋಷದಿಂದ ಎನ್ನುವಂತಿಲ್ಲ. ಮನೆಮನೆಗೆ ಫ್ರಿಜ್ ಬಂತು. ಹಾಲು ದಿನವೂ ಬರಬೇಕೆಂಬ ಅಗತ್ಯ ತಪ್ಪಿತು. ಸೂಪರ್ ಮಾರ್ಕೆಟ್ಟುಗಳು ಪ್ಲಾಸ್ಟಿಕ್ ಕ್ಯಾನಿನಲ್ಲಿ ಅಗ್ಗದ ಹಾಲು ಮಾರತೊಡಗಿದವು. ಬೀದಿಯ ಮೂವತ್ತು ಮನೆಗಳಲ್ಲಿ ಹತ್ತು ಮನೆ ವರ್ತನೆ ಬಿಟ್ಟವು ಎನ್ನಿ. ಗಾಡಿ ನಡೆಯುವ ದೂರ ಅಷ್ಟೇ ಉಳಿಯಿತು, ಮಾರಾಟವಾಗುವ ಹಾಲು ಕಡಿಮೆಯಾಯಿತು. ಬಾಟಲಿಯೊಂದಕ್ಕೆ ಬೀಳುವ ಖರ್ಚು ಏರಿತು, ಬೆಲೆ ಏರಿತು. ಮತ್ತೆ ಹತ್ತು ಮನೆ ಬಿಟ್ಟವು. 1975ರಲ್ಲಿ ಬ್ರಿಟನ್ನಿನ ಹಾಲಿನಲ್ಲಿ ಶೇಕಡ 94ರಷ್ಟು ಗಾಜಿನ ಬಾಟಲಿಗೆ ಹೋಗುತ್ತಿತ್ತು. 2012ರ ಹೊತ್ತಿಗೆ ಅದು ಶೇಕಡ 4ಕ್ಕೆ ಇಳಿದಿತ್ತು. ಅಂಗಡಿಯಿಂದ ಮನೆಯವರೆಗಿನ ಕೊನೆಯ ದಾರಿಯ ಹೊರೆ ಬ್ಯಾಟರಿ ಗಾಡಿಯಿಂದ ಗಿರಾಕಿಯ ಪೆಟ್ರೋಲು ಕಾರಿಗೆ ವರ್ಗವಾಯಿತು. ಆ ಪೆಟ್ರೋಲಿನ ವೆಚ್ಚವನ್ನು ಹಾಲಿನ ಬೆಲೆಗೆ ಸೇರಿಸಿ ನೋಡಿದವರು ಕಡಿಮೆ.

ಇಂದು ನಮ್ಮ ನಗರಗಳ ಒಂದೇ ಬೀದಿಗೆ ಬೆಳಗಿನಿಂದ ರಾತ್ರಿಯವರೆಗೆ ಬೇರೆ ಬೇರೆ ಕಂಪನಿಗಳ ಹುಡುಗರು ಬಂದುಹೋಗುತ್ತಾರೆ. ಒಬ್ಬ ತರಕಾರಿ, ಇನ್ನೊಬ್ಬ ಔಷಧಿ, ಮತ್ತೊಬ್ಬ ಒಂದು ಜೊತೆ ಚಪ್ಪಲಿ. ಅವರ ಸ್ಕೂಟರುಗಳೆಲ್ಲ ಬ್ಯಾಟರಿಯವೇ ಆದರೆ ಹೊಗೆ ಕಡಿಮೆಯಾದೀತು. ಬೀದಿಗೆ ಬರುವ ಗಾಡಿಗಳ ಸಂಖ್ಯೆ ಕಡಿಮೆಯಾಗುವುದಿಲ್ಲ. ಯುದ್ಧಕಾಲದ ಬ್ರಿಟನ್ ಬೀದಿಗಳನ್ನು ಹಂಚಿ ಬಿಡಿಸಿಕೊಂಡದ್ದು ಇದೇ ಗಂಟನ್ನು.

2020ರಲ್ಲಿ ಕೊರೋನಾದಿಂದ ಜನ ಮನೆಯೊಳಗೇ ಉಳಿದಾಗ ಬ್ರಿಟನ್ನಿನಲ್ಲಿ ಉಳಿದಿದ್ದ ಹಾಲಿನವರಿಗೆ ಒಮ್ಮೆಲೇ ಬೇಡಿಕೆ ಬಂತು. ಹಾಲಿನ ಜೊತೆಗೆ ಬ್ರೆಡ್ಡು, ಮೊಟ್ಟೆಯನ್ನೂ ಅವರೇ ತಂದಿಟ್ಟರು. ಹೊಸ ಗಿರಾಕಿಗಳು ಕೆಲವೆಡೆ ಸರದಿಗಾಗಿ ಕಾಯಬೇಕಾಯಿತು.