ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್

ನಿರ್ಗತಿಕ ವೃದ್ಧರ ಶುಶ್ರೂಷೆಯನ್ನೇ ಜೀವನವ್ರತವಾಗಿ ಸ್ವೀಕರಿಸಿದ ಕ್ಯಾಥೊಲಿಕ್ ಸಂನ್ಯಾಸಿನಿಯರ ಸಂಘ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಸ್ಯಾಂ ಸೆರ್ವಾಂ ಪಟ್ಟಣದಲ್ಲಿ, 1839ರ ಚಳಿಗಾಲದಲ್ಲಿ, ಝಾನ್ ಝುಗಾನ್ (1792-1879) ಎಂಬ ಬಡ ಮಹಿಳೆಯು, ಕುರುಡಿಯೂ ಪಾರ್ಶ್ವವಾಯುಪೀಡಿತಳೂ ಆದ ವೃದ್ಧೆಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗತೊಡಗಿದುದೇ ಇದರ ಮೂಲ.

ದಾರಿದ್ರ್ಯ, ಬ್ರಹ್ಮಚರ್ಯ, ವಿಧೇಯತೆಗಳೊಡನೆ ಆತಿಥ್ಯವೆಂಬ ನಾಲ್ಕನೆಯ ವ್ರತವನ್ನೂ ಕೈಗೊಳ್ಳುವ ಈ ಸೋದರಿಯರು, ಝುಗಾನಳು ಬುಟ್ಟಿ ಹಿಡಿದು ಮನೆಮನೆಗೆ ತಿರುಗಿ ಯಾಚಿಸಿದ ಪದ್ಧತಿಯನ್ನು ಮುಂದುವರಿಸಿ, ಮಾರುಕಟ್ಟೆ, ಅಂಗಡಿ, ಕಚೇರಿಗಳಲ್ಲಿ ಬೇಡಿ ತಂದ ಧಾನ್ಯ, ಕಾಯಿಪಲ್ಲೆ, ಹಣಗಳಿಂದ ಆಶ್ರಿತರನ್ನು ಪೋಷಿಸುತ್ತಾರೆ. ಜಾತಿಮತಗಳ ಭೇದವೆಣಿಸದೆ ಬಡ ವೃದ್ಧರಿಗೆ ಪ್ರವೇಶವೀಯುವ ಸಂಘದ ನಿಲಯಗಳಲ್ಲಿ ಪ್ರಾರ್ಥನಾಲಯದ ಪೂಜೆ, ಪಂಕ್ತಿಭೋಜನ, ಜಪಮಾಲೆಗಳು ದಿನಚರಿಯನ್ನು ರೂಪಿಸುತ್ತವೆ; ಕೈಕಾಲಾಡುವವರು ತರಕಾರಿ ಹೆಚ್ಚುವ, ಬಟ್ಟೆ ಮಡಿಸುವ ಕೆಲಸಗಳಲ್ಲಿ ಸಂತೋಷದಿಂದ ನೆರವಾಗುವರು. ಮರಣಾಸನ್ನರಾದವರನ್ನು ಏಕಾಕಿಗಳಾಗಿ ಬಿಡದೆ, ಸೋದರಿಯರು ಸರದಿಯಂತೆ ಹಗಲಿರುಳು ಬಳಿಯಲ್ಲಿ ಕುಳಿತು ಪ್ರಾರ್ಥಿಸುವುದು ಈ ಸಂಘದ ಅತ್ಯಂತ ಪೂಜ್ಯವಾದ ಆಚರಣೆ.

ಭಾರತದಲ್ಲಿ ಸಂಘದ ಮೊದಲ ನಿಲಯವು 1882ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿಯೂ ಒಂದು ನಿಲಯವುಂಟು. ಝುಗಾನಳನ್ನು 2009ರಲ್ಲಿ ಪೋಪ್ 16ನೆಯ ಬೆನೆಡಿಕ್ಟರು ಸಂತಳೆಂದು ಘೋಷಿಸಿದರು.