ಎರಡು ಮೂರ್ಛೆಗಳ ನಡುವಿನ ದಿನಗಳು: ಔಷಧಿಗೆ ಬಗ್ಗದ ಅಪಸ್ಮಾರ ಮತ್ತು ಮನೋವ್ಯಾಧಿ

"ಹೋದ ಸಲ ಬಂದುಹೋದ ಮೇಲೆ ಎಷ್ಟು ಸಲ ಫಿಟ್ಸ್ ಬಂತು?" ಮೂರ್ಛೆರೋಗಿಗೆ ಎದುರಾಗುವ ಮೊದಲ ಪ್ರಶ್ನೆ ಇದು, ಬಹುಮಟ್ಟಿಗೆ ಕೊನೆಯದೂ ಇದೇ. ಫಿಟ್ಸ್ ಬಾರದ ದಿನಗಳಲ್ಲಿ ಅವರು ಹೇಗಿದ್ದರೆಂಬುದು ಓಪಿಡಿ ಚೀಟಿಗೆ ಏರುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದಂಥ ತಾಲ್ಲೂಕುಗಳಲ್ಲಿ ಗಮನ ಹರಿಯಬೇಕಾದದ್ದು ಆ ದಿನಗಳ ಕಡೆಗೇ ಎಂಬುದು ಈ ಲೇಖನದ ವಾದ.

ಸರಿಯಾಗಿ ಆರಿಸಿದ ಎರಡು ಔಷಧಿಗಳನ್ನು ತಕ್ಕಷ್ಟು ಕೊಟ್ಟರೂ ಮೂರ್ಛೆ ನಿಲ್ಲದಿದ್ದರೆ ಅದು ಔಷಧಿಗೆ ಬಗ್ಗದ ಅಪಸ್ಮಾರ. ಅಪಸ್ಮಾರದ ವಿರುದ್ಧದ ಅಂತರರಾಷ್ಟ್ರೀಯ ಒಕ್ಕೂಟ 2010ರಲ್ಲಿ ಕೊಟ್ಟ ವ್ಯಾಖ್ಯೆಯಿದು. ಸುಮಾರು ಮೂರರಲ್ಲೊಂದು ಪಾಲು ರೋಗಿಗಳು ಈ ಗುಂಪಿನವರು. ಮಾತ್ರೆ ತಪ್ಪಿಸಿದ್ದರಿಂದ ಮರುಕಳಿಸಿದ ಮೂರ್ಛೆ ಇದಕ್ಕೆ ಸೇರದು. ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳ 1,02,557 ಜನರನ್ನು ಸಮೀಕ್ಷಿಸಿದಾಗ ಅಪಸ್ಮಾರದ ಪ್ರಮಾಣ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9 ಇತ್ತು.

ಔಷಧಿಗೆ ಬಗ್ಗದ ಅಪಸ್ಮಾರದವರಲ್ಲಿ ಖಿನ್ನತೆ, ಆತಂಕಗಳೇ ಹೆಚ್ಚಾಗಿ ಕಾಣುವ ಮನೋವ್ಯಾಧಿಗಳು. ಆದರೆ ಜನ ತೀರಾ ತಪ್ಪಾಗಿ ತಿಳಿಯುವುದು ಮೂರ್ಛೆಯ ಬೆನ್ನಿಗೆ ಬರುವ ಚಿತ್ತವಿಕಲತೆಯನ್ನು. ಸಾಲಾಗಿ ಮೂರ್ನಾಲ್ಕು ಸಲ ಫಿಟ್ಸ್ ಬಂದು ನಿಲ್ಲುತ್ತದೆ. ಆಮೇಲೆ ಒಂದೆರಡು ದಿನ, ಕೆಲವೊಮ್ಮೆ ವಾರದವರೆಗೂ, ರೋಗಿ ಎಂದಿನಂತೆ ಉಂಡು ತಿರುಗಾಡಿಕೊಂಡಿರುತ್ತಾನೆ. ಅಷ್ಟರಲ್ಲಿ ನಿದ್ದೆ ಕೆಡುತ್ತದೆ. ದೇವರು ಮಾತಾಡಿತು ಎನ್ನುತ್ತಾನೆ, ಯಾರೋ ಕೊಲ್ಲಲು ಬರುತ್ತಿದ್ದಾರೆಂದು ಬಾಗಿಲು ಹಾಕಿಕೊಳ್ಳುತ್ತಾನೆ. ನಡುವೆ ಚೆನ್ನಾಗಿದ್ದ ಆ ದಿನಗಳಿಂದಾಗಿಯೇ ಮನೆಯವರಿಗೆ ಮೂರ್ಛೆಗೂ ಇದಕ್ಕೂ ನಂಟು ಕಾಣುವುದಿಲ್ಲ. 'ಗಾಳಿ ಸೋಕಿದೆ' ಎನ್ನುತ್ತಾರೆ. ಅಂತ್ರ ಕಟ್ಟಿಸುವ ಓಡಾಟದಲ್ಲಿ ಮೂರ್ಛೆಯ ಮಾತ್ರೆಯೂ ನಿಂತರೆ ಅಪಾಯ ಇಮ್ಮಡಿ. ಚಿಕಿತ್ಸೆ ಸಿಕ್ಕರೆ ಸಾಮಾನ್ಯವಾಗಿ ಕೆಲವೇ ದಿನ, ವಾರಗಳಲ್ಲಿ ಇಳಿಯುವ ಕಾಯಿಲೆಗೆ ಇಷ್ಟು ಸಂಕಟ!

ಮನಸ್ಸು ಕೆಡುವುದರಲ್ಲಿ ಔಷಧಿಯ ಪಾಲೂ ಇದೆ. ಅಗ್ಗದ ಫಿನೋಬಾರ್ಬಿಟೋನ್ ಕೆಲವರಲ್ಲಿ ಖಿನ್ನತೆ ತರುತ್ತದೆ. ಲೆವೆಟಿರಾಸಿಟಾಮ್ ಕೆಲವರಲ್ಲಿ ಸಿಡುಕು ತರುತ್ತದೆ. 'ಈ ಮಾತ್ರೆ ಶುರುವಾದ ಮೇಲೆ ಸಿಟ್ಟು ಜಾಸ್ತಿ' ಎಂದು ತಾಯಿ ಹೇಳಿದರೆ ಅದನ್ನು ದೂರೆಂದು ತಳ್ಳಬಾರದು, ಬರೆದುಕೊಳ್ಳಬೇಕು.

ಸಮಾಜದ ಪಾಲೂ ಇದೆ. 1999ರ ತಿದ್ದುಪಡಿ ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರದ ಅಡ್ಡಿಯನ್ನು ತೆಗೆದುಹಾಕಿತು. ಗಂಡಿನ ಕಡೆಯವರು ಬಂದಾಗ ಮಾತ್ರೆ ಬಚ್ಚಿಡುವುದು ಅದರಿಂದ ನಿಲ್ಲಲಿಲ್ಲ.

1985ರಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆ ಮನೋರೋಗದ ಜೊತೆಗೆ ಅಪಸ್ಮಾರವನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸವನ್ನಾಗಿಸಿತ್ತು. ಒಬ್ಬರಲ್ಲೇ ಎರಡೂ ಇರಬಹುದೆಂದು ಹುಡುಕುವುದು ಮಾತ್ರ ರೂಢಿಗೆ ಬರಲಿಲ್ಲ. ಔಷಧಿಗೆ ಬಗ್ಗದವರಿಗೆ ಶಸ್ತ್ರಚಿಕಿತ್ಸೆ ಆದೀತೇ ಎಂಬ ಪರೀಕ್ಷೆಗಾದರೆ ಬೀರೂರಿನಲ್ಲಿ ಬೆಂಗಳೂರಿನ ರೈಲು ಹತ್ತಬೇಕು. ಮನಸ್ಸಿನ ಸ್ಥಿತಿ ಕೇಳಲು ಅಷ್ಟು ದೂರ ಹೋಗಬೇಕಿಲ್ಲ. ಅಪಸ್ಮಾರ ಇರುವವರ ಖಿನ್ನತೆ ಗುರುತಿಸಲು 2006ರಲ್ಲಿ ರೂಪುಗೊಂಡ ಪ್ರಶ್ನಾವಳಿಯಲ್ಲಿ ಇರುವುದು ಆರೇ ಅಂಶ. ತಾಲ್ಲೂಕು ಆಸ್ಪತ್ರೆಯ ನರ್ಸ್ ಕೂಡ ಕೇಳಬಹುದು. ಅದರಲ್ಲೊಂದು, ಸತ್ತರೇ ಮೇಲು ಎನಿಸುತ್ತದೆಯೇ ಎಂಬುದು. ಅದನ್ನು ಕೇಳುವಾಗ ಜೊತೆಗೆ ಬಂದವರನ್ನು ಹೊರಗೆ ಕೂರಿಸಬೇಕು.